ಗುರುಬಸಪ್ಪನ ಮೀನೂಟ

ಗುರುಬಸಪ್ಪನಿಗೆ ಕಾರವಾರಕ್ಕೆ ವರ್ಗವಾಗುತ್ತದೆಂಬ ಸುದ್ದಿ ಶನಿವಾರ ಬೆಳಿಗ್ಗೆ ಕಚೇರಿಯಲ್ಲೆಲ್ಲ ಹಬ್ಬಿತು. ಜಯನಗರದಲ್ಲಿ ಅವನ ಹೊಸ ಮನೆಯ ಗೋಡೆಗಳು ಎದ್ದಿದ್ದವು, ಸೂರು ಬಾಕಿ. ಇಂಥ ಹೊತ್ತಿನಲ್ಲಿ ಮನೆ ಯಜಮಾನ ಊರು ಬಿಟ್ಟರೆ ಮೇಸ್ತ್ರಿಯೂ ಬಿಟ್ಟ ಹಾಗೆಯೇ. ಹೆಂಡತಿ ಗಿರಿಜಾದೇವಿ ಬೇರೆ, ದೀಪಾವಳಿಗೆ ಅಲ್ಲೇ ಹಾಲುಕ್ಕಿಸುವುದೆಂದು ನೆಂಟರಿಗೆಲ್ಲ ಹೇಳಿಬಿಟ್ಟಿದ್ದಳು.

ದಾರಿ ತೋರಿಸಿದವನು ಪಕ್ಕದ ಮೇಜಿನ ಬೋರಣ್ಣ. ಬಿಳೇಕಹಳ್ಳಿಯವನು, ಕೇಳದಿದ್ದರೂ ಬುದ್ಧಿ ಹೇಳುವವನು. ವರ್ಗದ ಆರ್ಡರಿಗೆ ಸಹಿ ಹಾಕಬೇಕಾದ ನಾಯಕ್ ಸಾಹೇಬರು ಕರಾವಳಿಯವರು. ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಜಯನಗರದ ಪಕ್ಕದ ಸಿದ್ದಾಪುರದ ಮೀನಿನ ಹೋಟೆಲಿಗೆ ಹೋಗುತ್ತಾರೆ, ಜೊತೆಗೆ ಯಾರೂ ಬರುವುದಿಲ್ಲವೆಂದು ಕೊರಗುತ್ತಾರೆ.

“ಜೊತೇಲಿ ಕೂತು ತಿನ್ನು ಗುರು. ತಿಂದೋನನ್ನ ಅವರು ಯಾವತ್ತೂ ಬಿಟ್ಟುಕೊಡಲ್ಲ,” ಎಂದ ಬೋರಣ್ಣ.

ಪಾಪ, ಗುರುಬಸಪ್ಪ ಮೊಟ್ಟೆಯನ್ನೂ ಮುಟ್ಟದ ಲಿಂಗವಂತರ ಮನೆಯವನು. ಮೀನನ್ನು ಅವನು ಹತ್ತಿರದಿಂದ ಕಂಡದ್ದು ಲಾಲ್‌ಬಾಗಿನ ಕೆರೆಯಲ್ಲಿ, ಅದೂ ಪುರಿ ಹಾಕುವಾಗ. ಆದರೆ ಸೂರಿಲ್ಲದ ಮನೆ ಕಣ್ಣ ಮುಂದೆ ಬಂತು. ಕಚೇರಿ ಮುಗಿಯುತ್ತಲೇ ಸಾಹೇಬರ ಕೋಣೆಗೆ ನುಗ್ಗಿ, ತನಗೂ ಮೀನೆಂದರೆ ಪ್ರಾಣ, ಮನೆಯವರಿಗೆ ಗೊತ್ತಿಲ್ಲ ಅಷ್ಟೆ ಎಂದುಬಿಟ್ಟ. ಸಾಹೇಬರು ಕೂಡಲೇ ಟೋಪಿ ಎತ್ತಿಕೊಂಡು ಹೊರಟರು.

ಹೋಟೆಲಿನ ಬಾಗಿಲಲ್ಲೇ ಮೀನಿನ ವಾಸನೆ ಬಡಿಯಿತು. ಅಂಗಿಯೊಳಗಿನ ಲಿಂಗವನ್ನು ಮುಟ್ಟಿಕೊಂಡು, ಮನೆಗೋಸ್ಕರ ಕಣಪ್ಪಾ ಶಿವನೇ, ಇದೊಂದು ಸಲ ಆ ಕಡೆ ನೋಡು ಎಂದು ಬೇಡಿಕೊಂಡ. ಹುರಿದ ಬಂಗಡೆ ಬಂತು. ಅದು ತಟ್ಟೆಯಿಂದ ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಕಣ್ಣು ಮುಚ್ಚಿ ಮುಳ್ಳಿನ ಸಮೇತ ನುಂಗಿದ. ಗಂಟಲಲ್ಲಿ ಮುಳ್ಳು ಸಿಕ್ಕಿ ಕಣ್ಣೀರು ಸುರಿಯಿತು. ಸಾಹೇಬರು ಅದನ್ನು ಆನಂದಬಾಷ್ಪವೆಂದು ತಿಳಿದು ಚಿಪ್ಪಿಕಲ್ಲಿನ ಸುಕ್ಕ, ಚಿಪ್ಪಿನ ಸಮೇತ ಬೇಯಿಸಿದ ಮಸಾಲೆ ಪಲ್ಯ, ತರಿಸಿದರು. ಒಳಗಿನದನ್ನಷ್ಟೇ ತಿಂದು ಚಿಪ್ಪು ಬಿಡಬೇಕೆಂದು ಇವನಿಗೇನು ಗೊತ್ತು? ಚಿಪ್ಪನ್ನೇ ಕಟಕ್ಕೆಂದು ಕಡಿದ. ಹಲ್ಲಿನ ಚೂರು ಮುರಿಯಿತು. ಅದನ್ನೂ ನುಂಗಿ, ಸಾಹೇಬರನ್ನು ನೋಡಿ ಕಲಿತು, ತಟ್ಟೆ ಖಾಲಿ ಮಾಡಿದ.

ಸಾಹೇಬರು ಬೆರಳು ಚೀಪುತ್ತ ಒರಗಿ ಕೂತರು. ತಾವಾಗಿಯೇ ವರ್ಗದ ಮಾತೆತ್ತಿದರು. ಗುರುಬಸಪ್ಪ ಕುರ್ಚಿಯ ತುದಿಗೆ ಸರಿದ.

“ನೋಡಿ, ನಿಮ್ಮವರಿಗೆ ಕಾರವಾರದಲ್ಲಿ ಊಟಕ್ಕೇ ಕಷ್ಟ ಆಗ್ತದೆ ಅಂತ ಆ ಆರ್ಡರು ಹರಿದು ಹಾಕೋಣ ಅಂತಿದ್ದೆ. ಇವತ್ತು ಒಳ್ಳೇದಾಯ್ತು. ಸೋಮವಾರವೇ ಸೈನ್ ಮಾಡ್ತೇನೆ. ಅಲ್ಲಿ ಇದಕ್ಕಿಂತ ತಾಜಾ ಸಿಗ್ತದೆ.”

“ಸಾರ್,” ಎಂದ ಗುರುಬಸಪ್ಪ, “ನಾನು ಮೀನು ತಿನ್ನಲ್ಲ ಸಾರ್.”

ಸಾಹೇಬರು ಅವನ ಮುಂದಿದ್ದ ಚಿಪ್ಪಿನ ರಾಶಿಯನ್ನೊಮ್ಮೆ ನೋಡಿದರು. ಹೊಟ್ಟೆ ಹಿಡಿದು ನಕ್ಕರು. ಸಂಕೋಚ ಬೇಡ ಎಂದು ಬೆನ್ನು ತಟ್ಟಿ, ಅವನಿಗೆ ಇನ್ನೊಂದು ಬಂಗಡೆ ಹೇಳಿದರು.