ಮೂರುಸಂಜೆಯ ಗ್ಯಾಸ್ ವಾಸನೆ

ಸೂಗಮ್ಮನ ಮನೆಗೆ ಗ್ಯಾಸ್ ಒಲೆ ಬಂದ ದಿನದಿಂದ ಗಂಡ ಉರುಕುಂದಪ್ಪನ ನಿದ್ದೆ ಹಾರಿಹೋಗಿತ್ತು. ರಾಯಚೂರಿನ ದೊಡ್ಡ ಕಚೇರಿಯಲ್ಲಿ ಜವಾನ ಅವನು. ಸಾಹೇಬರು ಗುಡುಗಿದರೂ ಅಳುಕದವನು. ಆದರೆ ಅಡುಗೆಮನೆಯ ಮೂಲೆಯಲ್ಲಿ ಕೂತ ಆ ಕೆಂಪು ಸಿಲಿಂಡರ್ ಕಂಡರೆ ಮಾತ್ರ, ಹೊಸ ಅಳಿಯ ಅತ್ತೆಯ ಮುಂದೆ ನಿಂತಂತೆ ಬಾಗಿಲಾಚೆಯೇ ನಿಲ್ಲುತ್ತಿದ್ದ.

"ನೋಡಲೇ ಸೂಗಿ, ಒಂದ್ ದಿನ ಇದರ ವಾಸನಿ ಬಂತಂದ್ರ ಮುಗೀತು. ಮರುದಿನಾನ ತಳ್ಳೋ ಬಂಡಿಯಾಗ ಹಾಕಿ ವಾಪಸ್ ಕಳಸ್ತೀನಿ!" ಎಂದು ತೀರ್ಪು ಕೊಟ್ಟಿದ್ದ. (ಅವನ ತೀರ್ಪಿಗೆ ಮೇಲಿನ ಕೋರ್ಟು ಇರಲಿಲ್ಲ.)

ಸೂಗಮ್ಮ ಹಿರೇಕೊಟ್ನೆಕಲ್‌ನವಳು. ಹತ್ತಿಕಟ್ಟಿಗೆಯ ಹೊಗೆಯಲ್ಲಿ ಊದುಗೊಳವೆ ಊದಿ ಊದಿ, ಅಳುವುದು ಯಾವುದು, ಅಡುಗೆ ಮಾಡುವುದು ಯಾವುದು ಎಂದು ಗೊತ್ತಾಗದ ಹಾಗೆ ಬೆಳೆದವಳು. ಈಗ ಗ್ಯಾಸ್ ಒಲೆಯ ಕಿವಿ ತಿರುವಿ ಕಡ್ಡಿ ಹಿಡಿದರೆ ನೀಲಿ ಹೂವು ಅರಳುತ್ತಿತ್ತು. ಅದನ್ನು ಕಳೆದುಕೊಳ್ಳುವುದೆಂದರೆ ಬಂಗಾರದ ತಾಳಿ ಬಿಚ್ಚಿಕೊಟ್ಟ ಹಾಗೆ. ಒಲೆ ಕೂಡಿಸಲು ಬಂದ ಅಮೀರ್ ಸಾಬ್ ಹೇಳಿದ್ದನ್ನೆಲ್ಲ ಅವಳು ಬೀಸುವ ಕಲ್ಲಿನ ಪದದಂತೆ ಬಾಯಿಪಾಠ ಮಾಡಿಕೊಂಡಿದ್ದಳು: "ವಾಸನಿ ಬಂದ್ರ ಸಿಲಿಂಡರ್ ಬಂದ್ ಮಾಡ್ರಿ. ಬಾಗಲಾ ಕಿಟಕಿ ತಗೀರಿ. ಕಡ್ಡಿ ಗೀರಬ್ಯಾಡ್ರಿ, ಲೈಟಿನ ಬಟನ್ ಮುಟ್ಟಬ್ಯಾಡ್ರಿ. ಎಲ್ಲಾರನೂ ಹೊರಗ ಹಾಕಿ, ನನಗ ಹೇಳಿ ಕಳಸ್ರಿ."

ಒಂದು ಗುರುವಾರ ಸಂಜೆ ನಲ್ಲಿಯಿಂದ ಕೊಡ ಹೊತ್ತು ಹಿತ್ತಲ ಬಾಗಿಲಿಗೆ ಬಂದವಳ ಮೂಗಿಗೆ ಕೊಳೆತ ಉಳ್ಳಾಗಡ್ಡಿಯಂಥ ವಾಸನೆ ಅಡರಿತು. ಕೊಡ ಇಳಿಸಿ, ಕತ್ತಲಲ್ಲೇ ತಡಕಾಡಿ ಸಿಲಿಂಡರ್ ಬಂದ್ ಮಾಡಿದಳು. ಕಿಟಕಿ ತೆಗೆದಳು. ಗಂಡನಿಗೆ ಗೊತ್ತಾಗದಂತೆ ಮನೆ ಖಾಲಿ ಮಾಡಿಸಿದರೆ ಸಾಕು, ವಾಸನೆ ತಾನೇ ಹೋಗುತ್ತದೆ ಎಂದುಕೊಂಡಳು. (ವಿಷಯ ಮುಚ್ಚಿಡುವ ಮಟ್ಟಿಗೆ ಅವಳದೂ ಒಂದು ಸರ್ಕಾರ.)

ಆದರೆ ಮೂರುಸಂಜೆ ಎಂಥ ಹೊತ್ತು! ಲೋಕದ ಬೆಂಕಿಯೆಲ್ಲ ಎಚ್ಚರಾಗುವ ಹೊತ್ತು. ದೇವರ ಜಗಲಿಯ ಮುಂದೆ ಅತ್ತೆ ತಿಮ್ಮವ್ವ ದೀಪದ ಬತ್ತಿ ಹೊಸೆಯುತ್ತಿದ್ದಳು. ಪಡಸಾಲೆಯಲ್ಲಿ ಗಂಡ ಬೀಡಿ ಕಚ್ಚಿಕೊಂಡು "ಕಡ್ಡಿಪೆಟಗಿ ಎಲ್ಲಿಟ್ಟೀ?" ಎನ್ನುತ್ತಿದ್ದ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಲ್ಲಿ ಅನ್ವರಿ ಬೇಗಂ ಗುರುವಾರದ ಲೋಬಾನಕ್ಕೆ ಕೆಂಡ ಮಾಡುತ್ತಿದ್ದಳು.

ಸೂಗಮ್ಮ ಕಡ್ಡಿಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಡಸಾಲೆಗೆ ಬಂದಳು. "ಏನ್ರಿ, ನಿಮ್ಮ ಸಾಹೇಬ್ರು ಓಣಿ ತುದಿಗೆ ನಿಂತಾರಂತ. ಕರಿಯಾಕತ್ತಾರ!"

ಉರುಕುಂದಪ್ಪ ಬೀಡಿ ಉಗುಳಿ, ಅಂಗಿಯ ಒಂದೇ ತೋಳಿಗೆ ಕೈ ಹಾಕಿಕೊಂಡು ಓಡಿದ.

ತಿಮ್ಮವ್ವ ಅಷ್ಟು ಸುಲಭದ ಕೋಟೆಯಲ್ಲ. "ಅತ್ತಿ, ಮಾನವಿಯಿಂದ ನಿಮ್ಮ ತಂಗಿ ದುರುಗವ್ವ ಬಂದಾಳ. ಬೇವಿನ ಮರದ ಕೆಳಗ ಸಿಟ್ಟಾಗಿ ಕುಂತಾಳ."

"ಕುಂದ್ರಲಿ. ಬೇವಿನ ನೆಳ್ಳು ಆಕಿ ಬಾಯಿಗೆ ಭಾಳ ಛಲೋ."

"ನಿಮ್ಮವ್ವನ ಬೆಳ್ಳಿ ಕಡಗ ನೀವ ಹೊಡಕೊಂಡೀರಿ ಅಂತ ಮಂದಿ ಮುಂದ ಹೇಳಾಕತ್ತಾಳ."

"ಆಂ!" ಮಂಡಿನೋವಿನ ಮುದುಕಿ ಬಾಣದಂತೆ ಹೊರಬಿದ್ದಳು.

ಬೇಗಂ ಮುಂದೆ ಮಾತ್ರ ಸೂಗಮ್ಮನಿಗೆ ಸುಳ್ಳು ಬರಲಿಲ್ಲ. ಹೊರಗಿನಿಂದಲೇ ಕರೆದು ಕಿವಿಯಲ್ಲಿ ಉಸುರಿದಳು.

"ಹಾಯ್ ಅಲ್ಲಾ!" ಬೇಗಂ ಕೆಂಡಕ್ಕೆ ತಂಬಿಗೆ ನೀರು ಸುರಿದಳು. "ಅಮೀರ್ ನನ್ನ ಮೈದುನ ಅದಾನಲ್ಲ, ಈಗ ಕರಕೊಂಡ್ ಬರ್ತೀನಿ. ನೀ ಫಿಕರ್ ಮಾಡಬ್ಯಾಡ. ನಿನ್ನ ಗಂಡಗ ನನ್ನ ಬಾಯಿಂದ ಒಂದ್ ಮಾತು ಹೋಗಂಗಿಲ್ಲ." ಬಾಗಿಲಲ್ಲಿ ಕಟ್ಟಿದ್ದ ತನ್ನ ಮೇಕೆಯನ್ನೂ ಎಳೆದುಕೊಂಡೇ ಹೋದಳು.

ಅಷ್ಟರಲ್ಲಿ ಸಾಹೇಬರು ಸಿಗದ ಗಂಡ ಒಂದು ಕಡೆಯಿಂದ, ತಂಗಿ ಸಿಗದ ಅತ್ತೆ ಇನ್ನೊಂದು ಕಡೆಯಿಂದ ಉಸಿರುಬಿಡುತ್ತ ಬಂದರು.

"ಏನಲೇ, ನನ್ನ ಮಂಗ್ಯಾ ಮಾಡ್ತೀ?"

"ನಾ ಕಳ್ಳಿ ಅಂತ ಅಂದದ್ದು ಆಕಿನೋ, ನೀನೋ?"

ಇಬ್ಬರೂ ಒಳನುಗ್ಗಲು ಬಂದರು. ಸೂಗಮ್ಮ ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತಳು. ಬುದ್ಧಿ ಖಾಲಿಯಾಗಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಒಳಗ ಹಾವು ಅದ! ನಾಗರಹಾವು!"

ಹಾವೆಂದರೆ ಓಣಿಗೆ ಓಣಿಯೇ ನೆರೆಯಿತು. ಅದೇ ಓಣಿಯ ಹೀರೋ ತಾಯಣ್ಣ "ಸರೀರಿ ಸರೀರಿ" ಎನ್ನುತ್ತ ಬಂದ. ಕೋಲಿಗೆ ಅರಿವೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಭಗಭಗ ಉರಿ ಹಚ್ಚಿಕೊಂಡಿದ್ದ! "ತಂಗೀ, ಕೈ ತಗೀ. ಹಾವು ಎಲ್ಲಿ ಅಡಗಿದ್ರೂ ಈ ಬೆಳಕಿಗೆ ಹೊರಗ ಬರ್ತದ."

ಸೂಗಮ್ಮ ಆ ಉರಿಯನ್ನು ನೋಡಿದಳು. ಗಂಡನನ್ನು ನೋಡಿದಳು. ನೀಲಿ ಹೂವು ಕಣ್ಮುಂದೆ ಒಮ್ಮೆ ಅರಳಿ ಆರಿಹೋಯಿತು.

"ಹಾವಿಲ್ಲೋ ಯಣ್ಣಾ! ಗ್ಯಾಸು ಸೋರ್ಯಾದ! ದೂರ ಹೋಗ್ರಿ ಎಲ್ಲಾರೂ!"

ನಾಗರಹಾವಿಗೆ ಕದಲದ ಮಂದಿ ಗ್ಯಾಸಿಗೆ ಚೆಲ್ಲಾಪಿಲ್ಲಿಯಾದರು. ತಾಯಣ್ಣ ಉರಿಯುವ ಕೋಲಿನ ಸಮೇತ ಓಡಿದವನು ನಿಂತದ್ದು ದೊಡ್ಡ ರಸ್ತೆಯಲ್ಲಿ. ಉರುಕುಂದಪ್ಪ ಮಾತ್ರ ಎಲ್ಲಿಗೂ ಓಡಲಿಲ್ಲ. ಹೆಂಡತಿಯೇ ರಟ್ಟೆ ಹಿಡಿದು ಬೇವಿನ ಮರದ ತನಕ ಎಳೆದೊಯ್ದಳು.

ಅಮೀರ್ ಸಾಬ್ ಬಂದು, ವಾಸನೆ ಪೂರಾ ಹೋಗುವ ತನಕ ಎಲ್ಲರನ್ನೂ ಹೊರಗೇ ನಿಲ್ಲಿಸಿ, ಆಮೇಲೆ ಒಳಹೋಗಿ ರಬ್ಬರ್ ಪೈಪು ಹಿಡಿದುಕೊಂಡು ಹೊರಬಂದ.

"ಯಾರ್ರಿ ಇದನ್ನ ತಿಕ್ಕಿದವರು?"

"ನಾನ ರೀ," ಸೂಗಮ್ಮನ ದನಿ ಸಣ್ಣಗಾಯಿತು. "ಜಿಡ್ಡು ಹತ್ತಿತ್ತು. ಬೂದಿ ಹಾಕಿ ನಾರಿಲೆ ದಿನಾ ತಿಕ್ಕೀನಿ."

"ಯವ್ವಾ, ಇದೇನು ತಾಮ್ರದ ಕೊಡ ಏನು? ತಿಕ್ಕಿ ತಿಕ್ಕಿ ಸೀಳಿಸೀರಿ. ಹೊಸಾದು ಹಾಕಿ ಕೊಡ್ತೀನಿ. ಇನ್ನ ಮ್ಯಾಲೆ ಹಸಿ ಅರಿವಿಲೆ ಒರಸ್ರಿ ಸಾಕು. ಆದ್ರ ಉಳಿದದ್ದು ಬರೋಬ್ಬರಿ ಮಾಡೀರಿ. ಓಣಿ ಉಳಸೀರಿ."

ಓಣಿಯ ಹಿರಿಯರು ಉರುಕುಂದಪ್ಪನ ಸುತ್ತ ಸೇರಿದರು. "ಉರುಕುಂದಪ್ಪ, ಹೆಂಡತಿಗೆ ಏನ್ ಶಿಸ್ತು ಕಲಿಸೀಯಪ್ಪಾ!"

ಬಂಡಿ ತರಿಸಲು ಬಾಯಿ ತೆರೆದಿದ್ದ ಉರುಕುಂದಪ್ಪ ಹಾಗೇ ನಿಂತ. ಬಾಯಿ ಮುಚ್ಚಿದ. ಮೀಸೆ ಮುಟ್ಟಿಕೊಂಡ. "ಹೂಂ ಮತ್ತ. ಎಲ್ಲಾ ನಾನ ಹೇಳಿಕೊಟ್ಟದ್ದು."

ಸೂಗಮ್ಮನ ನಾಲಿಗೆ ತುದಿಗೆ ಏನೇನೋ ಬಂತು. ಒಲೆ ಉಳಿಯಿತಲ್ಲ ಎಂದು ನುಂಗಿಕೊಂಡಳು. ನುಂಗಬಾರದಿತ್ತು.

ಮರುದಿನದಿಂದ ಉರುಕುಂದಪ್ಪ ಅಡುಗೆಮನೆಗೆ ಕಾಲಿಟ್ಟ. ಮೊದಲು ಮೂಗು, ಆಮೇಲೆ ಮನುಷ್ಯ. ಕುಕ್ಕರಗಾಲಲ್ಲಿ ಕೂತು ಪೈಪು ಮೂಸಿದ. ಹಿಂಗಿನ ಡಬ್ಬಿ ಅನುಮಾನಾಸ್ಪದವೆಂದು ಹೊರಗಿಟ್ಟ. ಅವನ ಅಪ್ಪಣೆಯಿಲ್ಲದೆ ಚಹಾ ಕುದಿಯುವಂತಿರಲಿಲ್ಲ. ಒಂದು ಸಂಜೆ ಸೂಗಮ್ಮ ರೊಟ್ಟಿಯನ್ನು ಹೆಂಚಿಗೆ ಹಾಕುವಷ್ಟರಲ್ಲಿ ಸಿಲಿಂಡರ್ ಬಂದ್ ಮಾಡಿ ಕೂಗಿದ: "ವಾಸನೀ! ಎಲ್ಲಾರೂ ಹೊರಗ!"

ತಿಮ್ಮವ್ವ, ಬೇಗಂ, ಬೇಗಂಳ ಮೇಕೆ, ಹಿಟ್ಟಿನ ಕೈಯ ಸೂಗಮ್ಮ, ಎಲ್ಲರೂ ಬಿದ್ದಂಬೀಳ ಓಡಿ ಬೇವಿನ ಮರದ ಕೆಳಗೆ ನಿಂತರು. ಹಿಂದೆಯೇ ಅವನೂ ನಿಧಾನವಾಗಿ, ಕೈ ಹಿಂದೆ ಕಟ್ಟಿಕೊಂಡು ಬಂದ.

"ಎಲ್ಲಿ ಸೋರಾಕತ್ತಾದ ರೀ?" ಸೂಗಮ್ಮ ಏದುಸಿರು ಬಿಡುತ್ತ ಕೇಳಿದಳು.

"ಎಲ್ಲೂ ಇಲ್ಲ. ಪರೀಕ್ಷಾ ಮಾಡಿದೆ," ಎಂದ ಉರುಕುಂದಪ್ಪ. "ಅವ್ವ ನಿನಗಿಂತ ಮೊದಲ ಬಂದ್ಲು. ಮೇಕಿನೂ ಮೊದಲ ಬಂತು. ನೀ ಭಾಳ ತಡಾ ಮಾಡಿದಿ. ನಡಿ ಒಳಗ, ಮತ್ತೊಮ್ಮೆ ಮಾಡೋಣು."