ಕಾಕಾನ ಕ್ಯಾಟಲಾಗು

ಒಬ್ಬನೇ ಇರುವ ಮನೆಯಲ್ಲಿ ಮೂರು ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಕಾಕಾ, ಅಪ್ಪನ ತಮ್ಮ. ಒಂದು ಈಗಿನ ಬ್ರಷ್ಷು, ಒಂದು ಅದರ ಹಿಂದಿನದು, ಇನ್ನೊಂದು ಅದಕ್ಕೂ ಹಿಂದಿನದು. ನಾಲ್ಕನೆಯದನ್ನು ಕೊಂಡ ದಿನ ಎಲ್ಲಕ್ಕಿಂತ ಹಳೆಯದು ತಿಪ್ಪೆಗೆ. ಚಪ್ಪಲಿ, ಕೊಡೆ, ಕ್ಯಾಲೆಂಡರು, ಎಲ್ಲಕ್ಕೂ ಇದೇ ಕಾನೂನು!

ಇದು ನೌಕರಿಯಿಂದ ಹತ್ತಿದ ರೋಗ. ಎಂಬತ್ತರ ದಶಕದಲ್ಲಿ ಕಾಕಾ ಹೈದರಾಬಾದಿನ ಒಂದು ದೊಡ್ಡ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿದ್ದರು. ನಮ್ಮ ಮಸ್ಕಿಯ ಮನೆಯಂಥವು ಮೂರು ಹಿಡಿಸುವಷ್ಟು ದೊಡ್ಡ ಕೋಣೆಯಂತೆ. ಅದರ ತುಂಬ ಒಂದೇ ಯಂತ್ರ, ಮೇನ್‌ಫ್ರೇಮು. ದಿನದ ಮಾಹಿತಿಯನ್ನು ಟೇಪಿನ ಚಕ್ರಕ್ಕೆ ಇಳಿಸಿ, ನಂಬರು ಕೊಟ್ಟು, ಕ್ಯಾಟಲಾಗಿಗೆ, ಅಂದರೆ ಟೇಪುಗಳ ಪಟ್ಟಿಗೆ, ಏರಿಸುವುದು ಕಾಕಾನ ಕೆಲಸ. ಇವತ್ತಿನದು ಸೊನ್ನೆ, ನಿನ್ನೆಯದು ಮೈನಸ್ ಒಂದು, ಮೊನ್ನೆಯದು ಮೈನಸ್ ಎರಡು. ಹೊಸದು ಬಂದರೆ ಉಳಿದವು ಒಂದೊಂದು ಹೆಜ್ಜೆ ಹಿಂದಕ್ಕೆ, ಕೊನೆಯದನ್ನು ಅಳಿಸುವುದು. ಇವತ್ತಿನದು ಕೆಟ್ಟರೂ ನಿನ್ನೆಯದು ಇದ್ದೇ ಇರುತ್ತದಲ್ಲ?

ಲಿಂಗಸುಗೂರಿಗೆ ಹೆಣ್ಣು ನೋಡಲು ಹೋದಾಗಲೂ ಕಾಕಾ ತಮ್ಮ ಮೂರು ವರ್ಷದ ಮೂರು ಫೋಟೋ ಒಯ್ದಿದ್ದರು, ಹಿಂದೆ ನಂಬರು ಬರೆದು. ಹುಡುಗಿಯ ಅಪ್ಪ ಗಾಬರಿಯಾಗಿ, ವರ ಒಬ್ಬನೋ ಮೂವರೋ ಎಂದು ನಮ್ಮಪ್ಪನನ್ನು ಕೇಳಿದರಂತೆ. ಹುಡುಗಿ ಮಾತ್ರ ಸಾವಕಾಶ ನೋಡಿ ಹೇಳಿದಳು: "ಮೈನಸ್ ಎರಡಕ್ಕ ಕೂದಲ ಛಲೋ ಅದಾವ್ರಿ. ಅವರು ಬಂದಾರೇನ್ರಿ?"

ಕಾಕಾ ಮತ್ತೆ ಹೆಣ್ಣು ನೋಡಲು ಹೋಗಲಿಲ್ಲ.

ತಮ್ಮ ಅವ್ವನನ್ನೂ, ಅಂದರೆ ನಮ್ಮ ಅಜ್ಜಿಯನ್ನೂ, ಅವರು ಬಿಡಲಿಲ್ಲ. ಪ್ರತಿ ದೀಪಾವಳಿಗೆ ಸಿಂಧನೂರಿನಲ್ಲಿ ಬಸ್ಸು ಬದಲಿಸಿ, ಟೇಪ್‌ರೆಕಾರ್ಡರು ತೊಡೆಯ ಮೇಲಿಟ್ಟುಕೊಂಡು ಮಸ್ಕಿಗೆ ಬಂದು, ಅಜ್ಜಿಯ ಮಾತನ್ನು ರೆಕಾರ್ಡು ಮಾಡಿಕೊಳ್ಳುತ್ತಿದ್ದರು. ಕ್ಯಾಸೆಟ್ಟು ಮೂರೇ. ಈ ವರ್ಷದ ಮಾತು ಎಲ್ಲಕ್ಕಿಂತ ಹಳೆಯದರ ಮೇಲೆ. ಅದು ತಿಳಿದ ದಿನ ಅಜ್ಜಿಗೆ ಸಿಟ್ಟು ಬಂತು. "ಲೇ, ನಾ ಬೈದದ್ದನ್ನ ಅಳಸ್ತೀ? ಮತ್ತ ಮೊದಲಿಂದ ಬೈಬೇಕೇನು?" ಮೊದಲಿಂದಲೇ ಬೈದಳು. ಆ ವರ್ಷದ ಸೊನ್ನೆ ಅದೇ.

ತೊಂಬತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ಅಜ್ಜಿಗೆ ಮರೆವು ಹತ್ತಿತು. ಮೊದಲು ನನ್ನ ಹೆಸರು ಹೋಯಿತು, ಆಮೇಲೆ ಉಂಡದ್ದು. ಆ ದೀಪಾವಳಿಗೆ ಕಾಕಾ ನಾಲ್ಕನೆಯ ಕ್ಯಾಸೆಟ್ಟು ಕೊಂಡು ಬಂದರು. ಹಾಗಾದರೆ ಯಾವುದನ್ನು ಅಳಿಸುತ್ತೀರಿ ಎಂದು ಕೇಳಿದೆ. ಕಾಕಾ ಅಜ್ಜಿಯ ಎದುರು ಕೂತು ರೆಕಾರ್ಡಿನ ಗುಂಡಿ ಒತ್ತಿದರು.

ಅಜ್ಜಿ ಅವರನ್ನು ಬಹಳ ಹೊತ್ತು ನೋಡಿ, ಯಾರಪ್ಪ ನೀನು, ಯಾವೂರು ಎಂದು ಕೇಳಿದಳು. ಕಾಕಾನ ಬೆರಳು ನಿಲ್ಲಿಸುವ ಗುಂಡಿಯ ಮೇಲೆ ಹೋಯಿತು. ಹೈದರಾಬಾದು ಎಂದರು.

ಅಜ್ಜಿಯ ಮುಖ ಅರಳಿತು. "ಹೈದರಾಬಾದ? ಅಲ್ಲೇ ನನ್ನ ಸಣ್ಣ ಮಗ ಅದಾನಪ್ಪ. ಬರೇ ಚಹಾ ಕುಡದು ಇರ್ತಾನ. ಸಿಕ್ರ ಹೇಳು, ನಿಮ್ಮವ್ವ ಹಬ್ಬಕ್ಕ ಬಾ ಅಂದಾಳ ಅಂತ."

ಕಾಕಾ ಬೆರಳು ತೆಗೆದರು.

"ಹೇಳ್ತೀನವ್ವ. ಅವ ಎಂಥಾವ, ಇನ್ನ ಸ್ವಲ್ಪ ಹೇಳು."

ಕ್ಯಾಸೆಟ್ಟಿನ ಎರಡೂ ಬದಿ ತುಂಬುವವರೆಗೆ ಅಜ್ಜಿ ತನ್ನ ಮಗನ ಸುದ್ದಿಯನ್ನು ಆ ಅಪರಿಚಿತನಿಗೆ ಹೇಳುತ್ತಲೇ ಇದ್ದಳು.