ಮೂವತ್ತರಲ್ಲಿ ಓಡಿದ ರ‍್ಯಾಲಿ ಕಾರು

ಬೆಂಗಳೂರಿನ ಅತಿ ವೇಗದ ಕಾರನ್ನು ಅತಿ ನಿಧಾನವಾಗಿ ಓಡಿಸಿದವರು ಯಾರು ಎಂದು ಯಾರಾದರೂ ಸ್ಪರ್ಧೆ ಇಟ್ಟರೆ ನಮ್ಮ ಚಿಕ್ಕಪ್ಪನಿಗೆ ಎದುರಾಳಿಯೇ ಸಿಗಲಿಕ್ಕಿಲ್ಲ. ಬಹುಮಾನ ಮನೆಗೇ ಕಳಿಸಿಬಿಡಬಹುದು. ವೇದಿಕೆಗೆ ಕರೆದರೆ ಅವರು ಬಂದು ತಲುಪುವ ಹೊತ್ತಿಗೆ ಸಭೆ ಮುಗಿದು ಶಾಮಿಯಾನ ಬಿಚ್ಚುತ್ತಿರುತ್ತಾರೆ. ಗಂಟೆಗೆ ಮೂವತ್ತು ಕಿಲೋಮೀಟರು, ಅದು ಅವರ ವೇಗ. ಅದರ ಮೇಲೆ ಮುಳ್ಳು ಹೋದದ್ದನ್ನು ನಾನು ನೋಡಿಲ್ಲ. ಆ ಮೀಟರಿನಲ್ಲಿ ಇನ್ನೂರರ ಆಚೆಗೂ ಅಂಕಿಗಳಿದ್ದವು. ಅವುಗಳ ಮೇಲೆ ಚಿಕ್ಕಪ್ಪನಿಗೆ ದ್ವೇಷವೇನೂ ಇರಲಿಲ್ಲ, ಪರಿಚಯ ಇರಲಿಲ್ಲ ಅಷ್ಟೆ.

ಚಿಕ್ಕಪ್ಪ ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ಮೇಜಿನಲ್ಲಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಬಸವನಗುಡಿಯ ಮನೆಯಿಂದ ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಎಲ್ಲರ ಹಾಗೆ ಬಿಳಿ ಬಣ್ಣದ ಒಂದು ಸಣ್ಣ ಕಾರು ಕೊಳ್ಳುವುದೆಂದು ತೀರ್ಮಾನಿಸಿದ್ದರು. ಚಿಕ್ಕಮ್ಮ ಸೀಟುಗಳಿಗೆ ಕ್ರೋಷಾದ ಕವರು ಹೆಣೆಯಲು ಶುರು ಮಾಡಿದ್ದರು. ಅಷ್ಟರಲ್ಲಿ ಊರಾಚೆಯ ಕಾರ್ಖಾನೆಯೊಂದಕ್ಕೆ ಬಂದಿದ್ದ ಜಪಾನಿ ಎಂಜಿನಿಯರ್ ಒಬ್ಬರು ತಮ್ಮ ದೇಶಕ್ಕೆ ಹೊರಟು ನಿಂತರು. ಬ್ಯಾಂಕಿನ ಕೆಲಸಕ್ಕೆಂದು ಚಿಕ್ಕಪ್ಪನ ಎದುರು ಕೂತಾಗ, ಬರುವಾಗ ತಂದಿದ್ದ ಸ್ವಂತ ಕಾರನ್ನು ಯಾರಿಗೆ ಬಿಟ್ಟು ಹೋಗುವುದು ಎಂದು ಸಂಕಟಪಟ್ಟುಕೊಂಡರು. ಚಿಕ್ಕಪ್ಪ ಸೌಜನ್ಯಕ್ಕೆ ನೋಡಿಬರಲು ಹೋದರು. ಆತ ಬಾನೆಟ್ ಎತ್ತಿ ತೋರಿಸಿದರಂತೆ. ಕಥೆ ಅಲ್ಲಿಗೆ ಮುಗಿಯಿತು.

"ನಮ್ಮ ಅಕ್ಕಸಾಲಿ ಬಳೆ ಮಾಡ್ವಾಗ್ಲೂ ಇಷ್ಟು ನೀಟಾಗಿ ಕೂರ್ಸಲ್ಲ ಕಣೋ, ಒಂದೊಂದು ನಟ್ಟೂ!" ಎಂದು ಚಿಕ್ಕಪ್ಪ ನನಗೆ ಹೇಳಿದರು. ಅವರು ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮನೆಗೆ ಬಂದದ್ದು ಕಡುನೀಲಿ ಕಾರು. ಬಂಗಾರದ ಬಣ್ಣದ ಚಕ್ರಗಳು. ಬಾನೆಟ್ಟಿನ ಮೇಲೆ ಗಾಳಿ ಒಳಗೆಳೆದುಕೊಳ್ಳುವ ಅಗಲ ಮೂಗು. ಹಿಂದೆ ಡಿಕ್ಕಿಯ ಮೇಲೆ ಇಬ್ಬರು ಆರಾಮಾಗಿ ಕೂರಬಹುದಾದಂಥ ರೆಕ್ಕೆ. ಕೆಸರು, ಹಿಮ, ಜಲ್ಲಿಕಲ್ಲಿನ ಕಾಡುದಾರಿಗಳಲ್ಲಿ ರ‍್ಯಾಲಿ ಓಡಿ ಗೆದ್ದ ವಂಶದ ಕಾರು ಅದು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತದೆ, ಜೊತೆಗೆ ಟರ್ಬೋ ಬೇರೆ ಇದೆ ಎಂದು ಚಿಕ್ಕಪ್ಪ ವಿವರಿಸಿದರು. ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಹೆಣೆದ ಕವರುಗಳನ್ನು ಮಡಿಸಿ ಬೀರುವಿಗೆ ಸೇರಿಸಿದರು.

ಚಿಕ್ಕಮ್ಮನ ಬಗ್ಗೆಯೂ ಹೇಳಬೇಕು. ಅವರು ಮನೆಯ ಹಜಾರದಲ್ಲಿ ಸಂಗೀತ ಪಾಠ ಹೇಳುತ್ತಿದ್ದರು. ಆ ಬೀದಿಯ ಹೆಣ್ಣುಮಕ್ಕಳೆಲ್ಲ ಅವರ ಮುಂದೆ ಚಾಪೆಯ ಮೇಲೆ ಕೂತು ಸರಳೆ ವರಸೆ ಕಲಿತವರೇ. ಶ್ರುತಿ ಕೂದಲೆಳೆಯಷ್ಟು ಸರಿದರೂ ಅಡುಗೆಮನೆಯಿಂದಲೇ ಹಿಡಿಯುತ್ತಿದ್ದರು. ಮಾತು ಕಡಿಮೆ, ಆದರೆ ಆಡಿದರೆ ಗುರಿ ತಪ್ಪುತ್ತಿರಲಿಲ್ಲ.

ವಾಹನಪೂಜೆಗೆ ಬಂದ ಪುರೋಹಿತರು ಎಲ್ಲ ಕಡೆ ಕುಂಕುಮ ಹಚ್ಚಿ, ಹಿಂದಿನ ರೆಕ್ಕೆಯ ಹತ್ತಿರ ಬಂದು ನಿಂತುಬಿಟ್ಟರು. ಇದು ಏನು, ಇದಕ್ಕೆ ಹಾರ ಹಾಕಬೇಕೋ ಬೇಡವೋ ಎಂಬುದು ಅವರ ಸಂದೇಹ. ಕಾರು ತುಂಬ ವೇಗವಾಗಿ ಹೋಗುವಾಗ ಗಾಳಿ ಇದರ ಮೇಲೆ ಒತ್ತಿ, ಕಾರು ನೆಲ ಬಿಡದ ಹಾಗೆ ನೋಡಿಕೊಳ್ಳುತ್ತದೆ ಎಂದು ಚಿಕ್ಕಪ್ಪ ತಾಳ್ಮೆಯಿಂದ ತಿಳಿಸಿದರು.

"ಎಷ್ಟು ಸ್ಪೀಡಲ್ಲಿ ಹೋದ್ರೆ?" ಚಿಕ್ಕಮ್ಮ ಕೇಳಿದರು.

"ನೂರೈವತ್ತು ದಾಟಿದ್ಮೇಲೆ."

"ನೀವು ಎಷ್ಟರಲ್ಲಿ ಹೋಗ್ತೀರಿ?"

"ಮೂವತ್ತು."

"ಹಾಗಿದ್ರೆ ಟವಲ್ ಒಣಗ್ಹಾಕ್ಬಹುದು" ಎಂದು ಚಿಕ್ಕಮ್ಮ ಮಂಗಳಾರತಿ ತಟ್ಟೆ ತರಲು ಒಳಗೆ ಹೋದರು. ಮಾರನೆಯ ದಿನದಿಂದ ಒಣಗಹಾಕಿದರು ಕೂಡ. ಜಗತ್ತಿನ ಯಾವ ಯಾವುದೋ ಕಾಡಿನಲ್ಲಿ ಗಾಳಿ ಸೀಳಿದ ರೆಕ್ಕೆಯ ಮೇಲೆ ಚಿಕ್ಕಪ್ಪನ ಚೌಕುಳಿ ಟವಲ್ಲು ಸೂರ್ಯನಿಗೆ ಮುಖ ಮಾಡಿ ಮಲಗುತ್ತಿತ್ತು.

ಇಂಥ ಕಾರು ಸಿಕ್ಕವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಅದನ್ನು ಬದಲಾಯಿಸಿ ಇನ್ನಷ್ಟು ವೇಗ ಕೊಡುತ್ತಾರೆ. ಚಿಕ್ಕಪ್ಪನೂ ಬದಲಾಯಿಸಿದರು. ಆದರೆ ಅವರ ಬದಲಾವಣೆಗಳ ಗುರಿ ಕಾರನ್ನು ಬಸವನಗುಡಿಗೆ ಹೊಂದಿಸುವುದಾಗಿತ್ತು. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ನಜೀರ್ ಭಾಯಿ ಎಂಬ ಮೆಕ್ಯಾನಿಕ್ ಇದ್ದರು. ಮೊದಲ ಸಲ ಕಾರು ಅವರ ಗ್ಯಾರೇಜಿಗೆ ಹೋದಾಗ ನಾನೂ ಇದ್ದೆ. ನಜೀರ್ ಭಾಯಿ ಕೈ ತೊಳೆದುಕೊಂಡು ಬಂದು ಬಾನೆಟ್ ಮುಟ್ಟಿದರು. ಟರ್ಬೋ ಒತ್ತಡ ಸ್ವಲ್ಪ ಏರಿಸಿದರೆ, ಪೈಪು ಒಂದಿಷ್ಟು ಅಗಲ ಮಾಡಿದರೆ ಕಾರು ಹೇಗೆ ಹಾರುತ್ತದೆ ಎಂದು ಅವರು ವಿವರಿಸುತ್ತಿದ್ದರೆ, ಚಿಕ್ಕಪ್ಪ ತಲೆಯಾಡಿಸುತ್ತ ಕೇಳಿದರು. ಕೊನೆಗೆ ತಮ್ಮ ಬೇಡಿಕೆ ಮುಂದಿಟ್ಟರು. ಹಂಪುಗಳಿಗೆ ತಳ ತಾಗದ ಹಾಗೆ ಕಾರನ್ನು ಎತ್ತರಿಸಬೇಕು. ಮುಂದಿನ ಎಡಗಡೆ ಸೀಟು ತೆಗೆದು ಬೇರೆ ಹಾಕಬೇಕು.

ಆ ಸೀಟು ತಿರುವುಗಳಲ್ಲಿ ಮನುಷ್ಯ ಆಚೀಚೆ ವಾಲದಂತೆ ತೊಡೆ, ಭುಜಗಳನ್ನು ಹಿಡಿದಿಡುವಂಥದ್ದು. ಚಿಕ್ಕಮ್ಮ ರೇಷ್ಮೆಸೀರೆಯಲ್ಲಿ ಅದರೊಳಗೆ ಕೂತರೆ ಕೂತರು. ಛತ್ರದ ಮುಂದೆ ಕಾರು ನಿಲ್ಲಿಸಿ ಅವರನ್ನು ಎಳೆದು ತೆಗೆಯಲು ನಾನೂ ಚಿಕ್ಕಪ್ಪನೂ ಇಬ್ಬರೂ ಬೇಕಾಗುತ್ತಿತ್ತು. ಒಮ್ಮೆ ಗಂಡಿನ ಕಡೆಯವರು ಯಾರಿಗೋ ಪೆಟ್ಟಾಗಿದೆಯೆಂದು ನೀರು ತಂದಿದ್ದರು. ನಜೀರ್ ಭಾಯಿ ಹಳೆಯ ಟ್ಯಾಕ್ಸಿಯೊಂದರ ಸೋಫಾದಂಥ ಸೀಟು ಹುಡುಕಿ ಹಾಕಿಕೊಟ್ಟರು. ಬೀರುವಿನಲ್ಲಿದ್ದ ಕ್ರೋಷಾ ಕವರು ಅದಕ್ಕೆ ಅಳತೆ ತೆಗೆದುಕೊಂಡ ಹಾಗೆ ಕೂತಿತು.

ಮನೆಯ ಮುಂದಿನ ಆಕಾಶಮಲ್ಲಿಗೆ ಮರದ ಹೂವುಗಳು ಬಾನೆಟ್ಟಿನ ಮೂಗಿನೊಳಗೆ ಬೀಳುತ್ತಿದ್ದುದು ಮುಂದಿನ ಸಮಸ್ಯೆ. ಒಂದು ವಾರ ಚಿಕ್ಕಮ್ಮ ಹಿಟ್ಟಿನ ಜರಡಿಗಾಗಿ ಅಡುಗೆಮನೆಯೆಲ್ಲ ಹುಡುಕಿದರು. ಅದರ ಬಲೆ ಕಾರಿನ ಮೂಗಿಗೆ ಹೊಂದಿಕೊಂಡಿತ್ತು. ಅಂದಿನಿಂದ ಆ ಎಂಜಿನ್ನು ಜರಡಿ ಹಿಡಿದ ಗಾಳಿಯನ್ನೇ ಸೇವಿಸಿತು.

"ಸಾರ್, ಇದು ಹುಲಿ ಸಾರ್" ಎಂದರು ನಜೀರ್ ಭಾಯಿ, ಜರಡಿಯನ್ನು ನೋಡಿ. "ನೀವು ಇದಕ್ಕೆ ಮೊಸರನ್ನ ಹಾಕಿ ಸಾಕ್ತಾ ಇದೀರಿ."

ಚಿಕ್ಕಪ್ಪನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

ಒಂದು ಸಂಜೆ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತಿತು. ನೆಲಕ್ಕೆ ಅಂಟಿದಂತಿದ್ದ, ಮೈಮೇಲೆ ಬೆಂಕಿಯ ಚಿತ್ರ ಬಿಡಿಸಿದ್ದ ಕಾರು. ಅದರಲ್ಲಿದ್ದ ಯುವಕ ನಮ್ಮ ಕಾರನ್ನು ಒಮ್ಮೆ ನೋಡಿ, ಎರಡನೆಯ ಸಲ ನೋಡಿ, ಆಕ್ಸಿಲರೇಟರ್ ಒತ್ತಿ ಗರ್ಜಿಸಿದ. ಇದು ಪಂದ್ಯಕ್ಕೆ ಕರೆ ಎಂದು ನನಗೆ ಅರ್ಥವಾಯಿತು. ಚಿಕ್ಕಪ್ಪ ಗಾಜು ಇಳಿಸಿದರು. ಯುವಕನೂ ಇಳಿಸಿದ.

"ನೀವು ಮುಂದೆ ಹೋಗಿ" ಎಂದರು ಚಿಕ್ಕಪ್ಪ. "ನಾನು ಅವರೆಕಾಯಿ ತಗೋಬೇಕು."

ಆತ ಹೋಗಲಿಲ್ಲ. ಗಾಂಧಿ ಬಜಾರಿನವರೆಗೆ ನಮ್ಮ ಹಿಂದೆಯೇ ಮೂವತ್ತರಲ್ಲಿ ಬಂದ. ಅವನ ಬಾಳಿನಲ್ಲಿ ಅದೇ ಅತಿ ಕಷ್ಟದ ಪ್ರಯಾಣವಾಗಿರಬೇಕು. ಇಳಿದು ಬಂದು, ಎಂಜಿನ್ ನೋಡಬಹುದೇ ಎಂದು ವಿನಯದಿಂದ ಕೇಳಿದ. ಚಿಕ್ಕಪ್ಪ ಅವರೆಕಾಯಿಯ ಚೀಲ ನನ್ನ ಕೈಗೆ ಕೊಟ್ಟು ಬಾನೆಟ್ ಎತ್ತಿದರು. ಇಬ್ಬರೂ ಗರ್ಭಗುಡಿಯ ಮುಂದೆ ನಿಂತವರ ಹಾಗೆ ನಿಂತರು. ಇಂಥದ್ದನ್ನು ಇಟ್ಟುಕೊಂಡು ಒಮ್ಮೆಯಾದರೂ ಪೂರ್ತಿ ಓಡಿಸಿ ನೋಡಬೇಕು ಅನ್ನಿಸುವುದಿಲ್ಲವೇ ಎಂದು ಆತ ಕೇಳಿದ.

"ಓಡತ್ತೆ ಅಂತ ಅದಕ್ಕೂ ಗೊತ್ತು, ನನಗೂ ಗೊತ್ತು" ಎಂದರು ಚಿಕ್ಕಪ್ಪ. "ಬೇರೆಯವ್ರಿಗ್ಯಾಕೆ ತೋರಿಸ್ಬೇಕು?"

ಹೀಗೆ ಕೆಲವು ವರ್ಷ ಕಳೆದವು. ಚಿಕ್ಕಪ್ಪ ನಿವೃತ್ತರಾದರು. ಚಿಕ್ಕಮ್ಮ ಮಂಡಿನೋವೆಂದು ಪಾಠ ನಿಲ್ಲಿಸಿದರು. ನಾನು ಮಲ್ಲೇಶ್ವರದ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡು ತ್ಯಾಗರಾಜನಗರದಲ್ಲಿ ಮನೆ ಮಾಡಿದ್ದೆ. ಚಿಕ್ಕಪ್ಪನ ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿ, ಒಬ್ಬ ನಿವೃತ್ತ ಹೆಡ್‌ಮಾಸ್ಟರು, ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದರು.

"ನಿಮ್ಮ ಚಿಕ್ಕಪ್ಪಂಗೆ ಅರವತ್ತು ದಾಟಿದ್ಮೇಲೆ ಹರೆಯ ಬಂದಿದೆ. ಬಂದು ಒಂದ್ಮಾತು ಹೇಳಿ."

ವಿಷಯ ಏನೆಂದರೆ, ಇಷ್ಟು ವರ್ಷ ಬೆಕ್ಕಿನ ಹಾಗೆ ಓಡಾಡಿದ ಕಾರಿಗೆ ಚಿಕ್ಕಪ್ಪ ಹೊಸ ಸೈಲೆನ್ಸರ್ ಹಾಕಿಸಿದ್ದರು. ಬಚ್ಚಲೊಲೆಯ ಹೊಗೆಕೊಳವೆಯಷ್ಟು ದಪ್ಪದ್ದು. ವೇಗ ಮಾತ್ರ ಅದೇ ಮೂವತ್ತು. ಹಾಗಾಗಿ ಬೇರೆಯವರ ಕಾರಾಗಿದ್ದರೆ ಕ್ಷಣದಲ್ಲಿ ಮುಗಿಯುತ್ತಿದ್ದ ಗುಡುಗು ಇಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಾವಕಾಶವಾಗಿ ಮೆರವಣಿಗೆ ಹೋಗುತ್ತಿತ್ತು. ಕಿಟಕಿ ಗಾಜುಗಳು ನಡುಗುತ್ತಿದ್ದವು. ಹೇಳಲು ಹೋದವರಿಗೆ ಚಿಕ್ಕಪ್ಪ ಕೈಮುಗಿದು ಕ್ಷಮೆ ಕೇಳಿ, ಕಾಫಿ ಕೊಟ್ಟು, ಮಾರನೆಯ ದಿನ ಹಾಗೇ ಗುಡುಗಿಸಿಕೊಂಡು ತರಕಾರಿಗೆ ಹೋಗುತ್ತಿದ್ದರಂತೆ. ಮುಂದಿನ ಹೆಜ್ಜೆ ಪೊಲೀಸರೇ ಎಂದು ಹೆಡ್‌ಮಾಸ್ಟರು ಹೇಳಿದರು.

ನಾನು ಹೋದಾಗ ಕಾರು ಇರಲಿಲ್ಲ. ಬೆಲ್ ಒತ್ತಿದೆ, ಯಾರೂ ಬರಲಿಲ್ಲ. ಮತ್ತೆ ಮತ್ತೆ ಒತ್ತಿ, ಕೂಗಿ, ಕೊನೆಗೆ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ. ಚಿಕ್ಕಮ್ಮ ಅಡುಗೆಮನೆಯಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದರು. ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದರು. ಸುಧಾರಿಸಿಕೊಂಡು, ಯಾವಾಗ ಬಂದೆ, ಕೂತ್ಕೋ ಎಂದರು. ಈ ಸೈಲೆನ್ಸರ್ ಗಲಾಟೆ ಏನು ಚಿಕ್ಕಮ್ಮ ಎಂದು ಕೇಳಿದೆ.

"ಹೂಂ, ಈ ಸಲ ಹುಳಿ ಜಾಸ್ತಿ" ಎಂದು ಒಂದು ಹೋಳು ನನ್ನ ಕೈಗಿಟ್ಟರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಅವರ ಕಣ್ಣು ನನ್ನ ತುಟಿಗಳ ಮೇಲಿತ್ತು. ಕುಕ್ಕರ್ ಕೂಗಿತು, ಅವರು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದಾಗ ನಾನೇ ಎದ್ದು ಒಲೆ ಆರಿಸಿದೆ. ಆಗ ಅವರು ನನ್ನನ್ನು ನೋಡಿ ತಲೆ ತಗ್ಗಿಸಿದರು. ಮತ್ತೆ ಹೆಚ್ಚತೊಡಗಿದರು.

ಸ್ವಲ್ಪ ಹೊತ್ತಿಗೆ ಅವರ ಕೈಯ ಚಾಕು ನಿಂತಿತು. ತಲೆ ಎತ್ತಿದರು. ದೂರದ ತಿರುವಿನಲ್ಲಿ ದಪ್ಪನೆಯ ಸದ್ದೊಂದು ನಿಧಾನವಾಗಿ ಏಳುತ್ತಿತ್ತು. ನಾನು ಅದನ್ನು ಇನ್ನೂ ಗಮನಿಸಿಯೇ ಇರಲಿಲ್ಲ.

"ಬಂದ್ರು" ಎಂದರು ಚಿಕ್ಕಮ್ಮ. ಹಾಲು ಒಲೆಯ ಮೇಲಿಟ್ಟರು. ಕೈ ಒರೆಸಿಕೊಂಡು, ಮಂಡಿನೋವಿನ ಸುಳಿವೂ ಇಲ್ಲದೆ ಅಂಗಳ ದಾಟಿ, ಗೇಟಿನ ಎರಡೂ ಬಾಗಿಲು ತೆರೆದು ನಿಂತರು. ಕಾರು ಗುಡುಗುತ್ತ ಒಳಗೆ ಬಂತು.

ನಾನು ಬಂದದ್ದು ಏಕೆಂದು ಚಿಕ್ಕಪ್ಪನಿಗೆ ನನ್ನ ಮುಖ ನೋಡಿಯೇ ತಿಳಿಯಿತು. ಏನೋ ತೋರಿಸುವವರ ಹಾಗೆ ಬಾನೆಟ್ ಎತ್ತಿ, ಅದರ ಮರೆಯಲ್ಲಿ ಹೇಳಿದರು. ಚಿಕ್ಕಮ್ಮನ ಕಿವಿಗೆ ಸಣ್ಣ ಸದ್ದುಗಳೆಲ್ಲ ಹೋಗಿವೆ, ದಪ್ಪ ಸದ್ದು ಇನ್ನೂ ಒಂದಿಷ್ಟು ಉಳಿದಿದೆ ಎಂದು ಡಾಕ್ಟರು ಹೇಳಿದ್ದರು. ಕಿವಿಯ ಮೆಷಿನ್ನು ತಂದುಕೊಟ್ಟರೆ, ಎಲ್ಲ ಸದ್ದೂ ಪಾತ್ರೆ ಬಿದ್ದ ಹಾಗೆ ಕೇಳಿಸುತ್ತದೆಂದು ಚಿಕ್ಕಮ್ಮ ಅದನ್ನು ತೆಗೆದಿಟ್ಟಿದ್ದರು. ಬೆಲ್ಲು, ಫೋನು, ಚಿಕ್ಕಪ್ಪನ ಮಾತು, ಯಾವುದೂ ಕೇಳಿಸುತ್ತಿರಲಿಲ್ಲ. ಚಿಕ್ಕಪ್ಪ ಹೊರಗೆ ಹೋದರೆ ಬರುವವರೆಗೂ ಮೆಟ್ಟಿಲ ಮೇಲೆ ಕೂತು ಗೇಟನ್ನೇ ನೋಡುತ್ತಿದ್ದರಂತೆ.

"ಈಗ ಒಳಗಿದ್ರೂ ಗೊತ್ತಾಗತ್ತೆ" ಎಂದರು ಚಿಕ್ಕಪ್ಪ. "ನಾನು ಬಂದೆ ಅಂತ."

ಹೆಡ್‌ಮಾಸ್ಟರಿಗೆ ಇದನ್ನು ಹೇಳಿದರೆ ಅರ್ಥಮಾಡಿಕೊಳ್ಳುತ್ತಾರೆ ಎಂದೆ.

"ಬೇಡ. ಅವಳ ಹತ್ರ ಹಾಡು ಕಲ್ತೋರು ಈ ಬೀದಿ ತುಂಬ ಇದಾರೆ. ಅವರಿಗೆ ಗೊತ್ತಾಗೋದು ಅವಳಿಗೆ ಇಷ್ಟ ಇಲ್ಲ." ಜರಡಿಯ ಮೇಲೆ ಬಿದ್ದಿದ್ದ ಹೂವೊಂದನ್ನು ತೆಗೆದು ಬದಿಗಿಟ್ಟರು. "ನನಗೆ ಹುಚ್ಚು ಅಂತಾರೆ, ಅಷ್ಟೇ ತಾನೆ? ಅನ್ಲಿ ಬಿಡು."

ಹೆಡ್‌ಮಾಸ್ಟರ ಮನೆಗೆ ಹೋಗಿ, ಎಷ್ಟು ಹೇಳಿದರೂ ಅವರು ಕೇಳುವುದಿಲ್ಲ ಸಾರ್, ಆ ಮನುಷ್ಯ ಇರುವುದೇ ಹಾಗೆ, ವಯಸ್ಸಾಗಿದೆ, ದಯವಿಟ್ಟು ಸಹಿಸಿಕೊಳ್ಳಿ ಎಂದು ಕೇಳಿಕೊಂಡೆ. ಅವರು ನಿಟ್ಟುಸಿರು ಬಿಟ್ಟು, ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಮಾತ್ರ ಬೇಡ ಎಂದು ಒಪ್ಪಿಕೊಂಡರು. ಪೊಲೀಸರ ಮಾತು ಮತ್ತೆ ಬರಲಿಲ್ಲ. ಆಮೇಲಾಮೇಲೆ ಚಿಕ್ಕಮ್ಮ ತಮ್ಮ ಕಿವಿಯ ಸಂಗತಿಯನ್ನು ತಾವೇ ಎಲ್ಲರಿಗೂ ಹೇಳಿಕೊಂಡರು. ಅದಕ್ಕೇ ನಾನು ಈಗ ಬರೆಯುತ್ತಿರುವುದು.

ಆ ದಿನ ಹೊರಡುವ ಮುಂಚೆ ಚಿಕ್ಕಮ್ಮ ಕಾಫಿ ತಂದುಕೊಟ್ಟು ನಮ್ಮ ಜೊತೆ ಜಗಲಿಯ ಮೇಲೆ ಕೂತರು. ಕಾರನ್ನೇ ನೋಡುತ್ತಿದ್ದವರು, ಕಿವಿ ಕೇಳದವರ ಕೊಂಚ ಎತ್ತರದ ದನಿಯಲ್ಲಿ ಚಿಕ್ಕಪ್ಪನಿಗೆ ಹೇಳಿದರು:

"ಗೇಟ್ ಹತ್ರ ಬರ್ವಾಗ ಮಂದ್ರ ಪಂಚಮ ಹಿಡೀಬೇಕು ಅದು. ಇವತ್ತು ಒಂಚೂರು ಇಳಿದಿತ್ತು."

ಚಿಕ್ಕಪ್ಪ ಲೋಟ ಕೆಳಗಿಟ್ಟರು. ಶ್ರುತಿ ಸರಿಮಾಡಿಸಿಕೊಂಡು ಬರಲು ಆಗಲೇ ಎದ್ದು ಕಾರಿನ ಕೀ ತೆಗೆದುಕೊಂಡು ನಜೀರ್ ಭಾಯಿಯ ಗ್ಯಾರೇಜಿಗೆ ಹೊರಟರು.